ಹಂಡೆ ಒಲೆ ರಿಪೇರಿ, ದೋಸ್ತ ಬರುವ ಮುಂಚೆ

ಮೇ 11
ಬೆಳಗ್ಗೆ ದೋಸ್ತನ ಫೋನ್ ಬಂತು. 24ಕ್ಕೆ ಬರುತ್ತಾನಂತೆ. ಅವನು ನಮ್ಮನೆಗೆ ಬಂದು ಹನ್ನೊಂದು ವರ್ಷ ಆಯಿತು. ಬೇರೆ ಏನೂ ಕೇಳಲಿಲ್ಲ. "ಬಚ್ಚಲ ಒಲೆ ಇನ್ನೂ ಇದ್ಯೇನೋ ಮಾರಾಯ?" ಅಂದ. ಇದೆ ಅಂದುಬಿಟ್ಟೆ.

ಸುಳ್ಳಲ್ಲ, ಇದೆ. ಆದರೆ ಗೀಸರ್ ಬಂದ ಮೇಲೆ, ಅಂದರೆ ಆರು ವರ್ಷದಿಂದ, ಅದಕ್ಕೆ ಬೆಂಕಿ ಹಾಕಿಲ್ಲ. ಹಂಡೆಯೊಳಗೆ ತೋಟದ ಹಳೇ ಪೈಪು, ಹಿಡಿ ಹೋದ ಕತ್ತಿ, ಒಂದು ಮುರಿದ ಕೊಡೆ ಎಲ್ಲ ಸಂಸಾರ ಹೂಡಿವೆ.

ಅವನ ಮನೆ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ನಮ್ಮದು ಈಚೆ, ಆವಿನಹಳ್ಳಿಯಿಂದ ಸ್ವಲ್ಪ ಒಳಗೆ. ಸಾಗರಕ್ಕೆ ಕಾಲೇಜಿಗೆ ಹೋಗುತ್ತಿದ್ದಾಗ, ವಾಪಸ್ ಬರುವಾಗ ಹೊಳೆಬಾಗಿಲಲ್ಲಿ ಹಿನ್ನೀರು ದಾಟಿಸುವ ಕೊನೇ ಲಾಂಚ್ ತಪ್ಪಿದರೆ ಅವನು ಸೀದಾ ನಮ್ಮನೆಗೆ. ಮಳೆಯಲ್ಲಿ ನೆಂದು ಬಂದು ಬಚ್ಚಲ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತರೆ ಆಯಿತು. ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ತಿನ್ನುತ್ತಾ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಎಷ್ಟೋ ಸಲ ಲಾಂಚ್ ತಪ್ಪಿದ್ದಲ್ಲ, ಬೇಕಂತಲೇ ತಪ್ಪಿಸಿಕೊಂಡದ್ದು ಅಂತ ನನಗೆ ಗೊತ್ತಿತ್ತು.

ಈಗ ಅಲ್ಲಿ ಸೇತುವೆ ಇದೆ. 2025ರ ಜುಲೈನಲ್ಲಿ ಓಡಾಟ ಶುರುವಾಯಿತು. ಸುಮಾರು 2.4 ಕಿಲೋಮೀಟರ್, ಕಾರಿನಲ್ಲಿ ನಾಲ್ಕೈದು ನಿಮಿಷ. ತಪ್ಪಿಸಿಕೊಳ್ಳಲು ಲಾಂಚೇ ಇಲ್ಲ. ರಾತ್ರಿ ಉಳಿಯಲು ಏನಾದರೂ ನೆಪ ಬೇಡವಾ?

ಮೇ 13
ಹಂಡೆ ಕಿತ್ತೆ. ಸುತ್ತ ಮೆತ್ತಿದ ಮಣ್ಣು ಒಡೆಯಲು ಅರ್ಧ ದಿನ ಹೋಯಿತು. ಆರು ಕೊಡ ನೀರು ಹಿಡಿಯುವ ಹಂಡೆ, ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಅಂಗಳಕ್ಕೆ ತಂದು ನೀರು ತುಂಬಿಸಿದರೆ ಬುಡದಲ್ಲಿ ಸೂಜಿ ಮೊನೆಯಷ್ಟು ತೂತು.

ಹುಣಸೆಹುಳಿ, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಹೊರಗಿನ ಮಸಿ ಅಲ್ಲ, ಅದು ಈ ಜನ್ಮಕ್ಕೆ ಹೋಗುವುದಿಲ್ಲ. ಮೇಲೆ ಕಾಣುವ ಕಂಠ ಮಾತ್ರ. ಹಸಿರು ಕಿಲುಬು ಹೋಗಿ ಕೆಂಪು ತಾಮ್ರ ಕಾಣಿಸಿತು. ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ! ಇಷ್ಟು ವರ್ಷ ಇದರ ನೀರೇ ಮಿಂದಿದ್ದೇನೆ, ನೋಡಿರಲಿಲ್ಲ. ಹೆಸರು ಸವೆದುಹೋಗಿದೆ. ಊರಿನ ಹೆಸರಿನ ಕೊನೆಗೆ "ಕೊಪ್ಪ" ಅಂತ ಇರುವುದಷ್ಟೇ ಓದಲು ಬರುತ್ತದೆ.

ಅಮ್ಮನನ್ನು ಕೇಳಿದೆ. ಮುಳುಗಡೆ ಮನೆಯದಂತೆ, ಹಿನ್ನೀರಲ್ಲಿ ಮುಳುಗಿದ ಊರಿನದ್ದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತಲ್ಲ, ಅದಕ್ಕೂ ಮುಂಚೆ ಆ ಊರಿನವರು ಹೊರಡುವಾಗ ಹೊರಲಾಗದ್ದನ್ನೆಲ್ಲ ಸಿಕ್ಕ ಬೆಲೆಗೆ ಕೊಟ್ಟು ಹೋದರಂತೆ. ಅಜ್ಜ ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ಯಾರ ಮನೆಯದು ಅಂತ ಅಮ್ಮನಿಗೂ ಗೊತ್ತಿಲ್ಲ. ದೋಸ್ತನ ಅಜ್ಜನ ಮನೆಯೂ ಮುಳುಗಿದ್ದೇ. ಬಂದಾಗ ಓದಿಸಬೇಕು.

ಮೇ 14
ಸಾಗರ ಪೇಟೆಗೆ ಹೋದೆ. ಮೊದಲ ಅಂಗಡಿಯವರು ಹಂಡೆ ತಟ್ಟಿ ನೋಡಿ, "ಹಳೇ ತಾಮ್ರಕ್ಕೆ ಒಳ್ಳೆ ರೇಟ್ ಇದೆ, ಕೊಟ್ಟುಬಿಡಿ ಸಾರ್" ಅಂದರು. ಎರಡನೆಯವರು ಮಾತಾಡದೆ ಬೆಸುಗೆ ಹಾಕಿಕೊಟ್ಟರು. ಬರುವಾಗ ಅಡಿಕೆಗೆ ಹೊಡೆಯಲು ಮೈಲುತುತ್ತ, ಸುಣ್ಣ ತಂದೆ. ನೂರು ಲೀಟರ್ ನೀರಿಗೆ ಒಂದೊಂದು ಕೆಜಿ ಲೆಕ್ಕ. ಮಳೆ ಹಿಡಿದ ಮೇಲೆ ಓಡಾಡಿದರೆ ಕೊಳೆರೋಗ ಕಾಯುತ್ತದಾ? ಮೈಲುತುತ್ತವೂ ತಾಮ್ರದ್ದೇ. ಈ ತಿಂಗಳು ಪೂರ್ತಿ ತಾಮ್ರಕ್ಕೇ ದುಡ್ಡು.

ಮೇ 16
ಹುತ್ತದ ಮಣ್ಣು ಎರಡು ಬುಟ್ಟಿ ತಂದು ಸಗಣಿ ಸೇರಿಸಿ ತುಳಿದೆ. ಮೂರು ಕಲ್ಲಿನ ಮೇಲೆ ಹಂಡೆ ಕೂರಿಸಿ ಸುತ್ತ ಮೆತ್ತಿದೆ. ನುಣುಪು ಮಾಡಲು ಅಡಿಕೆ ಹಾಳೆಯ ತುಂಡಿಗಿಂತ ಒಳ್ಳೆ ಸಾಮಾನಿಲ್ಲ. ಮಣ್ಣಿಗೆ ಅಂಟುವುದಿಲ್ಲ, ಹಂಡೆ ಹೊಟ್ಟೆಯ ಉರುಟಿಗೆ ತಾನೇ ಬಾಗುತ್ತದೆ.

ಮೇ 17
ತಡೆಯಲಾಗದೆ ಬೆಂಕಿ ಹಾಕಿದೆ. ಹಾಕಬಾರದಿತ್ತು. ಅರ್ಧ ಗಂಟೆಯಲ್ಲಿ ಒಲೆಯೆಲ್ಲ ಆಮೆ ಬೆನ್ನಿನ ಹಾಗೆ ಬಿರುಕು. ಹೊಗೆ ಬೇರೆ ಮೇಲೆ ಹೋಗದೆ ಬಚ್ಚಲಲ್ಲೇ ತುಂಬಿಕೊಂಡಿತು. "ಹಸಿ ಒಲೆಗೆ ಬೆಂಕಿ ಹಾಕ್ತಾರೇನೋ?" ಅಂತ ಅಮ್ಮ ಬೈದರು. ಮಣ್ಣಿಗೆ ಮರಳು, ಭತ್ತದ ಹೊಟ್ಟು ಯಾಕೆ ಹಾಕಲಿಲ್ಲ ಅಂತ ಇನ್ನೊಂದು ಬೈಗುಳ. ಮೊದಲೇ ಹೇಳಬಹುದಿತ್ತಲ್ಲ ಅಂದರೆ, ನೀನು ಕೇಳಿದ್ಯಾ ಅಂದರು.

ಪೂರ್ತಿ ಒಡೆದೆ. ಈ ಸಲ ಅರ್ಧ ಬುಟ್ಟಿ ಮರಳು, ಎರಡು ಬೊಗಸೆ ಹೊಟ್ಟು ಸೇರಿಸಿ, ಎರಡು ರಾತ್ರಿ ಕೊಳೆಯಲು ಬಿಟ್ಟೆ.

ಮೇ 20
ನಿನ್ನೆ ಮತ್ತೆ ಮೆತ್ತಿದೆ. ಇವತ್ತು ಹಂಚು ಕೈಯಾಡಿಸಲು ಮಾಡು ಹತ್ತಿದೆ. ಒಡೆದದ್ದು ಹದಿನಾಲ್ಕು. ಹೊಗೆ ಕೊಳವೆಯ ಬಾಯಲ್ಲಿ ಅಳಿಲು ಗೂಡು ಕಟ್ಟಿತ್ತು, ಖಾಲಿ ಗೂಡು. ಅಲ್ಲಿಗೆ ಹೊಗೆಯ ಗುಟ್ಟು ಗೊತ್ತಾಯಿತು.

ಮಧ್ಯಾಹ್ನ ಗುಡುಗು. ಅಂಗಳದ ಚಾಪೆ ಮೇಲೆ ಹಲಸಿನ ಹಪ್ಪಳ ಇತ್ತು. ನಾನು ಮಾಡಿನ ಮೇಲೆ, ಹೆಂಡತಿ ಕೊಟ್ಟಿಗೆಯಲ್ಲಿ. ಅರ್ಧದಷ್ಟು ನೆಂದು ಹಿಟ್ಟಾಯಿತು. ಸೊಪ್ಪಿನ ಬೆಟ್ಟದಿಂದ ತಂದ ದರಕನ್ನೂ (ಒಣಗಿದ ಎಲೆ) ಇನ್ನೂ ಒಳಗೆ ಹಾಕಿರಲಿಲ್ಲ. "ಒಲೆ ಒಂದಿದ್ರೆ ಸಾಕಲ್ವಾ ನಿಮಗೆ" ಅಂದಳು. ಉತ್ತರ ಇರಲಿಲ್ಲ. ಸುಮ್ನೆ ಹೋಗಿ ದರಕು ಹೊತ್ತೆ.

ಮೇ 23
ನಾಲ್ಕು ದಿನ ನೆರಳಲ್ಲೇ ಒಣಗಿದೆ. ಸಂಜೆ ಅಮ್ಮನನ್ನು ಕೇಳಿಯೇ ಬೆಂಕಿ ಹಾಕಿದೆ. ಮೊದಲು ಬರೀ ಅಡಿಕೆ ಸಿಪ್ಪೆ, ಸಣ್ಣ ಉರಿ. ಆಮೇಲೆ ಒಂದು ಕುಂಟೆ, ದಪ್ಪ ಕಟ್ಟಿಗೆ. ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಸ್ವಲ್ಪ ಹೊಗೆ. ಉಳಿದದ್ದು ಗಟ್ಟಿ. ಮುಕ್ಕಾಲು ಗಂಟೆಗೆ ಆರು ಕೊಡ ನೀರೂ ಕೈ ಇಡಲಾಗದಷ್ಟು ಕಾದಿತ್ತು. ಬೆಸುಗೆ ಸೋರಲಿಲ್ಲ.

ಈಗ ಫೋನ್ ಮಾಡಿದ್ದ. ಬೆಳಗ್ಗೆ ಅಲ್ಲ, ಸಂಜೆ ಕತ್ತಲಾಗುವ ಹೊತ್ತಿಗೆ ಬರುತ್ತಾನಂತೆ. ಯಾಕೆ ಅಂತ ಕೇಳಲಿಲ್ಲ. ಹಲಸಿನ ಬೀಜ ಒಂದು ಸೇರು ಒಣಗಿಸಿ ಇಟ್ಟಿದ್ದೇನೆ. ಗೀಸರಿನ ಫ್ಯೂಸ್ ತೆಗೆದು ಜೇಬಲ್ಲಿ ಹಾಕಿಕೊಂಡಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.