ಕೋಳಿಗೆ ರಾತ್ರಿ ಕಣ್ಣು ಕಾಣಂಗಿಲ್ಲ

"ನಮ್ಮ ಕೋಳಿಗೆ ರಾತ್ರಿ ಕಣ್ಣು ಕಾಣಂಗಿಲ್ಲ ಯವ್ವಾ."

ಸೋಮವಾರ ಬೆಳಿಗ್ಗೆ ಪಕ್ಕದ ಮನೆ ಅಜ್ಜಿ ಹೇಳಿದ್ದು ಇಷ್ಟೇ. ದನಿ ಏರಿಸಲಿಲ್ಲ. ಕಸಬರಿಗೆ ಕೈಯಲ್ಲೇ ಇತ್ತು. ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಇದ್ದ ನಾಲ್ಕು ಕೋಳಿಗಳನ್ನೂ ಬುಟ್ಟಿ ಬೋರಲು ಹಾಕಿ ಮುಚ್ಚಿದ್ದರು.

ಅದಕ್ಕೂ ಮುಂಚೆ ನಾನು ಆಡಿದ ಮಾತು ಇದಕ್ಕಿಂತ ಬಹಳ ಉದ್ದವಿತ್ತು. ದೀಪಾವಳಿಗೆ ಮನೆಯದೇ ಚೆಂಡು ಹೂವು ಇರಲಿ ಅಂತ ಸಸಿ ಮಾಡಿದ್ದೆ. ಭಾನುವಾರ ಸಂಜೆ ಗಟ್ಟಿಯಾಗಿ ನಿಂತಿದ್ದವು. ಬೆಳಗಾಗುವಷ್ಟರಲ್ಲಿ ಅರ್ಧಕ್ಕರ್ಧ ಬರೀ ಕಡ್ಡಿ. ಕೆಲವಂತೂ ಬುಡಕ್ಕೇ ಮುರಿದು ಮಲಗಿದ್ದವು. ಪಾಲಕ್ ಎಲೆ ತುಂಬಾ ತೂತು. ನಮ್ಮತ್ತೆ ಅಡುಗೆಮನೆಯಿಂದಲೇ "ಕೋಳಿನೇ ತಿಂದಿರಬೇಕು" ಅಂದರು. ಅವರಿಗೆ ಆ ಕೋಳಿಗಳ ಮೇಲೆ ಮೊದಲಿಂದಲೂ ಸಿಟ್ಟು. ನಾನು ಹಿಂದೆ ಮುಂದೆ ನೋಡದೆ ಕಾಂಪೌಂಡ್ ಹತ್ತಿರ ಹೋಗಿ ನಿಂತೆ.

ಆಫೀಸಿನಲ್ಲಿ ಕೂತರೂ ಅದೇ ಮಾತು. ಕೋಳಿಗೆ ರಾತ್ರಿ ಕಣ್ಣು ಕಾಣಂಗಿಲ್ಲ. ಹೌದಲ್ವಾ? ಹೊತ್ತು ಮುಳುಗಿದರೆ ಗೂಡು ಸೇರುವ ಪ್ರಾಣಿ ಅದು. ಸಸಿ ಹೋದದ್ದು ರಾತ್ರಿ. ಅಲ್ಲದೆ ಕೋಳಿ ಬಂದಿದ್ದರೆ ಮಣ್ಣು ಕೆದರಿರಬೇಕಿತ್ತು. ಮಡಿಯ ಮಣ್ಣು ಮಾತ್ರ ಮಳೆ ಬಿದ್ದ ಹಾಗೇ ನುಣ್ಣಗಿತ್ತು. ಇದೆಲ್ಲ ನನ್ನ ಕಣ್ಣೆದುರೇ ಇತ್ತು. ನೋಡಲಿಲ್ಲ ಅಷ್ಟೇ.

ಅವತ್ತು ರಾತ್ರಿ ಹತ್ತೂವರೆಗೆ ಮೊಬೈಲ್ ಬ್ಯಾಟರಿ ಹಚ್ಚಿಕೊಂಡು ಹಿತ್ತಲಿಗೆ ಹೋದೆ. ಮಳೆ ಆಗಷ್ಟೇ ನಿಂತಿತ್ತು. ಸಸಿಯ ಮೇಲೆ ನನ್ನ ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಹುಳ ಮಲಗಿತ್ತು, ಬೆನ್ನ ಮೇಲೆ ಉದ್ದಕ್ಕೂ ಒಂದು ತೆಳು ಗೆರೆ. ಚಿಪ್ಪಿಲ್ಲದ ಬಸವನಹುಳು, ಸ್ಲಗ್. ನನ್ನ ತವರಿನಲ್ಲಿ ಸಿಂಬಳದ ಹುಳ ಅಂತಿದ್ದರು, ಹೆಸರಿಗೆ ತಕ್ಕ ಹಾಗೇ ಇದೆ. ಕೆಳಗೆ ಬಗ್ಗಿ ನೋಡಿದರೆ ಒಂದಲ್ಲ, ಏಳೆಂಟು. ಕುಂಡದಿಂದ ಮಡಿಯವರೆಗೆ ಅಂಟಿನ ಗೆರೆ ಬೆಳ್ಳಗೆ ಹೊಳೆಯುತ್ತಿತ್ತು.

ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಕೊಪ್ಪಳದಲ್ಲಿ ಈ ಒದ್ದೆ ಮೈಯ ಜೀವ ಹೇಗೆ ಉಳಿಯುತ್ತದೆ ಅಂತ ಯೋಚನೆ ಬಂತು. ಈ ಜಾತಿಯ ಮೂಲ ಆಫ್ರಿಕಾ, ಬಿಸಿಲು ಅದಕ್ಕೆ ಹೊಸದಲ್ಲ. ತೊಗಲು ಗಡುಸು, ನೆಲಕ್ಕೆ ತಾಗುವ ಪಾದ ಕಿರಿದು, ಹಾಗಾಗಿ ಮೈಯ ನೀರು ಬೇಗ ಆರುವುದಿಲ್ಲ. ಒಣ ದಿನಗಳಲ್ಲಿ ಮಣ್ಣಿನೊಳಗೆ, ಕಲ್ಲಿನಡಿ ಸೇರಿಕೊಂಡು ಸುಮ್ನೆ ಬಿದ್ದಿರುತ್ತದೆ. ನೆಲ ತೊಯ್ದರೆ ಹಸಿವಿನಿಂದ ಏಳುತ್ತದೆ.

ಅದು ತಿನ್ನುವುದನ್ನು ಬಹಳ ಹೊತ್ತು ನೋಡುತ್ತಾ ಕೂತೆ. ಎಷ್ಟೋ ಊಟಗಳನ್ನು ನಾನು ಅಷ್ಟು ನಿಧಾನವಾಗಿ ಮಾಡಿಲ್ಲ. ಅದು ಕಚ್ಚುವುದಿಲ್ಲ, ಅರೆಯುತ್ತದೆ. ಬಾಯೊಳಗೆ ನಾಲಿಗೆಯಂಥ ಒಂದು ಪಟ್ಟಿ, ಅದರ ತುಂಬಾ ಸಾವಿರಾರು ಸಣ್ಣ ಹಲ್ಲು. ಬಡಗಿ ಅರ ಉಜ್ಜಿದ ಹಾಗೆ ಎಲೆಯನ್ನು ಕೆರೆದು ಕೆರೆದು ಒಳಗೆ ಎಳೆದುಕೊಳ್ಳುತ್ತದೆ. ಸವೆದ ಹಲ್ಲು ಹೋಗಿ ಹಿಂದಿನಿಂದ ಹೊಸದು ಬರುತ್ತಲೇ ಇರುತ್ತದೆ. ಎಲೆಯ ತೂತುಗಳಿಗೆ ಆಕಾರವೇ ಇಲ್ಲದ್ದು ಅದಕ್ಕೇ. ಎಳೆಯದೆಂದರೆ ಅದಕ್ಕೆ ಪ್ರಾಣ, ಚೆಂಡು ಹೂವಿನ ಸಸಿಯಂತೂ ಹಬ್ಬದೂಟ. ಹಾಗಂತ ಬರೀ ಹಾಳು ಮಾಡುವ ಜೀವ ಅಂತಲೂ ಅಲ್ಲ. ಕೊಳೆತ ಎಲೆ, ಬೂಷ್ಟು ಎಲ್ಲಾ ತಿಂದು ಮಣ್ಣಿಗೆ ಸೇರಿಸುತ್ತದೆ. ನಾನು ಕುಂಡದ ಹಿಂದೆ ಒದ್ದೆ ಎಲೆ ಗುಡ್ಡೆ ಹಾಕಿ ಅದಕ್ಕೆ ಮನೆ ಕಟ್ಟಿಕೊಟ್ಟಿದ್ದೆ. ಅದಕ್ಕೆ ಹತ್ತಿರದಲ್ಲೇ ಊಟವನ್ನೂ ನೆಟ್ಟಿದ್ದೆ.

ನಮ್ಮನೆಯವರು ಹಾಸಿಗೆಯಿಂದ ಏಳದೆ ಸಲಹೆ ಕೊಟ್ಟರು, ಅದರಲ್ಲಿ ಅವರದು ಎತ್ತಿದ ಕೈ: "ಉಪ್ಪು ಹಾಕು." ಉಪ್ಪು ಮೈಯ ನೀರನ್ನೆಲ್ಲ ಹೊರಗೆ ಎಳೆದು ಸಾಯಿಸುತ್ತದೆ, ನಿಜ. ಆದರೆ ನಾನು ಗಂಗಾವತಿ ಕಡೆಯವಳು. ಕಾಲುವೆ ನೀರು ನಿಂತು ನಿಂತು ಸವಳಾದ ಗದ್ದೆಗಳನ್ನು ನೋಡುತ್ತಾ ಬೆಳೆದವಳು. ಕೈಯಾರೆ ಹಿತ್ತಲಿಗೆ ಉಪ್ಪು ಸುರಿಯಲು ಮನಸ್ಸು ಬರಲಿಲ್ಲ. ಅಂಗಡಿಯಲ್ಲಿ ಸಿಗುವ, ಹುಳ ಸಾಯಿಸುವ ಗುಳಿಗೆಯೂ ಬೇಡ ಅಂದೆ, ಅದನ್ನು ನಾಯಿ ತಿಂದರೆ ನಾಯಿಯೂ ಸಾಯಬಹುದು. ಕೋಳಿಗಳಿಗೆ ಏನಾದರೂ ಆದರೆ ಆ ಅಜ್ಜಿಗೆ ಮುಖ ತೋರಿಸುವುದು ಹೇಗೆ?

ಮಂಗಳವಾರ ಸಂಜೆ ಪಪ್ಪಾಯಿ ಸಿಪ್ಪೆ ಇಟ್ಟು ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಕಣ್ಣಿಗಿಂತ ವಾಸನೆಯನ್ನೇ ಜಾಸ್ತಿ ನಂಬುವ ಜೀವ ಅದು. ಹಣ್ಣು ಹುಳಿತ ವಾಸನೆಗೆ ತಾನಾಗಿ ಬರುತ್ತದೆ. ಬೆಳಿಗ್ಗೆ ಚೀಲ ಎತ್ತಿದರೆ ಹನ್ನೊಂದು ಸಿಕ್ಕವು. ಬರಿಗೈಯಲ್ಲಿ ಮುಟ್ಟಲಿಲ್ಲ, ಇಲಿಯಿಂದ ಬರುವ ಒಂದು ಪರೋಪಜೀವಿ ಇವುಗಳ ಮೈಯಲ್ಲಿ ಇರಬಹುದು. ಹಿತ್ತಲ ಸೊಪ್ಪನ್ನು ಈಗ ಎರಡೆರಡು ಸಲ ತೊಳೆಯುತ್ತೇನೆ.

ಹುಳದ ಕಥೆ ಅಲ್ಲಿಗೆ ಮುಗಿಯಿತು. ಆ ಬೋರಲು ಬುಟ್ಟಿಗಳ ಕಥೆ ಮುಗಿಯಲಿಲ್ಲ. ಹೋದ ವರ್ಷ ನಮ್ಮ ಓಣಿಯ ನಲ್ಲಿಯ ಹಿಡಿ ಕಳೆದಾಗ, ಗುಜರಿ ಆಯುವ ಹುಡುಗನನ್ನು ನಾವೆಲ್ಲ ಸೇರಿ ಬೈದಿದ್ದೆವು. ಹದಿನೈದು ದಿನ ಬಿಟ್ಟು ಚರಂಡಿ ಬಳಿಯುವಾಗ ಹಿಡಿ ಅಲ್ಲೇ ಸಿಕ್ಕಿತು. ಆ ಹುಡುಗ ಆಮೇಲೆ ನಮ್ಮ ಓಣಿಗೆ ಬರಲಿಲ್ಲ. ಯಾರೂ ಹುಡುಕಲೂ ಇಲ್ಲ. ಅವತ್ತು ಬೈದವರಲ್ಲಿ ನಾನೂ ಇದ್ದೆ. ಅವನ ಮೇಲೆ ತಪ್ಪು ಹೊರಿಸಲು ನನಗೆ ಎರಡು ನಿಮಿಷ ಬೇಕಾಗಲಿಲ್ಲ, ಎದುರಿಗೇ ಓಡಾಡುತ್ತಿದ್ದನಲ್ಲ. ಕೋಳಿಗಳೂ ಹಾಗೇ, ಹಗಲೆಲ್ಲ ಎದುರಿಗೇ ಇರುತ್ತವೆ.

ಬುಧವಾರ ಬೆಳಿಗ್ಗೆ ಹನ್ನೊಂದೂ ಹುಳ ಡಬ್ಬಿಯಲ್ಲಿ ತುಂಬಿಕೊಂಡು ಅಜ್ಜಿಯ ಮನೆಗೆ ಹೋದೆ. "ಅಜ್ಜೀ, ಕಳ್ಳರು ಸಿಕ್ಕಿದಾರೆ" ಅಂದೆ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಲು ಆಗಲಿಲ್ಲ. ಅಜ್ಜಿ ಡಬ್ಬಿಯೊಳಗೆ ಇಣುಕಿ ನೋಡಿ, ಬುಟ್ಟಿ ಎತ್ತಿ ಕೆಂಪು ಹುಂಜವನ್ನು ಬಿಟ್ಟರು. ಒಂದು ಹುಳವನ್ನು ಅದರ ಮುಂದೆ ಉರುಳಿಸಿದರು. ಹುಂಜ ಒಮ್ಮೆ ಕುಕ್ಕಿತು. ಕೊಕ್ಕಿಗೆ ಅಂಟು ಮೆತ್ತಿಕೊಂಡಿತು. ಆ ಕಡೆ ಈ ಕಡೆ ಕೊಕ್ಕನ್ನು ನೆಲಕ್ಕೆ ಒರೆಸಿ, ತಿರುಗಿ ನೋಡದೆ ಹೋಯಿತು.

ಅಜ್ಜಿ ನಕ್ಕರು. "ನಿನ್ನ ಹಿತ್ತಲ ಹುಳ ನಮ್ಮ ಕೋಳಿಗೂ ಬ್ಯಾಡಂತ ನೋಡವ್ವಾ."