ಕಿಟಕಿಯಿಲ್ಲದ ಕೋಣೆಯನ್ನೇ ಏಕೆ ಆರಿಸಿದಿರಿ?

"ಅಲ್ಲ ಮೇಡಂ, ಅಷ್ಟು ದುಡ್ಡು ಕೊಟ್ಟು ಹಡಗಲ್ಲಿ ಹೋಗಿ, ಸಮುದ್ರಾನೇ ಕಾಣದ ರೂಮಲ್ಲಿ ಇದ್ದು ಬಂದ್ರಾ?"

ಕ್ರೂಸ್ ಹಡಗಿನಲ್ಲಿ ಎರಡು ಬಾರಿ ಪ್ರಯಾಣ ಮಾಡಿ ಚಿತ್ರದುರ್ಗಕ್ಕೆ ಮರಳಿದ ಮೇಲೆ ಈ ಪ್ರಶ್ನೆಯನ್ನು ನಾನು ಬೆಳಗಿನ ನಡಿಗೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ನಿವೃತ್ತಿಗೆ ಮೊದಲು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಕೌಂಟರಿನ ಮುಂದೆಯೂ ಕೇಳಿಸಿಕೊಂಡಿದ್ದೇನೆ. ರಸ್ತೆಯಲ್ಲಿ ನಿಂತು ಕೊಡುವ ಉತ್ತರ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ, ಕೇಳಿದವರ ಅನುಮಾನ ಹಾಗೆಯೇ ಉಳಿಯುತ್ತದೆ. ಈಗ ನಮ್ಮ ಪರಿಚಯದವರಲ್ಲೇ ಎರಡು ಮೂರು ಕುಟುಂಬಗಳು ಇಂಥ ಪ್ರವಾಸಕ್ಕೆ ಹಣ ಕೂಡಿಡುತ್ತಿರುವುದರಿಂದ, ಪೂರ್ತಿ ಉತ್ತರವನ್ನು ಒಮ್ಮೆ ಬರೆದಿಡುವುದು ಒಳ್ಳೆಯದೆಂದು ತೋರಿತು.

ಹಡಗಿನ ಕೋಣೆಗಳಲ್ಲಿ ಮುಖ್ಯವಾಗಿ ನಾಲ್ಕು ದರ್ಜೆಗಳಿವೆ. ಹಡಗಿನ ಹೊಟ್ಟೆಯೊಳಗೆ, ಎರಡು ಓಣಿಗಳ ನಡುವೆ ಇರುವ, ಹೊರಗೋಡೆಯೇ ಇಲ್ಲದ ಕೋಣೆ ಒಳಕ್ಯಾಬಿನ್. ಗಾಜಿನ ಕಿಟಕಿಯಿರುವುದು ಎರಡನೆಯದು, ಬಾಲ್ಕನಿಯಿರುವುದು ಮೂರನೆಯದು, ಅದರ ಮೇಲೆ ಸೂಟ್ ಎಂದು ಕರೆಯುವ ದೊಡ್ಡ ಕೋಣೆಗಳು. ಒಳಕ್ಯಾಬಿನ್ ಸಾಮಾನ್ಯವಾಗಿ 130ರಿಂದ 180 ಚದರ ಅಡಿ ಇರುತ್ತದೆ. ಅಂದರೆ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಒಂದು ಕೋಣೆ, ಅದರಲ್ಲೇ ಬಚ್ಚಲು, ಬೀರು, ಕನ್ನಡಿಯ ಮೇಜು. ಇಲ್ಲಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂಬೈಗೆ ಸ್ಲೀಪರ್ ಬಸ್ಸಿನಲ್ಲಿ ರಾತ್ರಿಯಿಡೀ ಮಲಗಿ ಹೋದವರಿಗೆ ಈ ಕೋಣೆ ಚಿಕ್ಕದೆನಿಸುವುದಿಲ್ಲ.

ನನ್ನ ಉತ್ತರದ ತಿರುಳು ಇಷ್ಟು. ಹಡಗಿನಲ್ಲಿ ಸಮುದ್ರ ಇರುವುದು ಡೆಕ್ಕಿನ ಮೇಲೆ, ಅಂದರೆ ಮೇಲಿನ ತೆರೆದ ಅಂಗಳದಲ್ಲಿ, ಮತ್ತು ಡೆಕ್ ಎಲ್ಲರದು. ಕಡಿಮೆ ದರದ ಕೋಣೆಯವರಿಗೂ ಸಾಮಾನ್ಯ ಊಟದ ಸಭಾಂಗಣ ಅದೇ, ನಾಟಕಶಾಲೆ ಅದೇ, ಈಜುಕೊಳ ಅದೇ, ಸೂರ್ಯೋದಯವೂ ಅದೇ. ಕೋಣೆಗೆ ನಾವು ಹೋಗುತ್ತಿದ್ದುದು ಸ್ನಾನಕ್ಕೆ, ಬಟ್ಟೆ ಬದಲಿಸುವುದಕ್ಕೆ ಮತ್ತು ನಿದ್ದೆಗೆ. ಮೊದಲ ಪ್ರವಾಸದಲ್ಲಿ, ಸಿಂಗಪುರದಿಂದ ಹೊರಟ ನಾಲ್ಕು ರಾತ್ರಿಗಳ ಯಾನಕ್ಕೆ, ಬಾಲ್ಕನಿಗೂ ಒಳಕ್ಯಾಬಿನ್‌ಗೂ ಇಬ್ಬರಿಗೆ ಸೇರಿ 38,000 ರೂಪಾಯಿಗಳ ಅಂತರವಿತ್ತು. ಕಣ್ಣು ಮುಚ್ಚಿ ಮಲಗುವ ಹೊತ್ತಿಗಾಗಿ ಅಷ್ಟು ಹಣ ಕೊಡಲು ನನಗೂ ನಮ್ಮ ಯಜಮಾನರಿಗೂ ಮನಸ್ಸು ಬರಲಿಲ್ಲ.

ಕಿಟಕಿಯಿಲ್ಲದಿದ್ದರೆ ಗಾಳಿ ಹೇಗೆ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಹಡಗಿನ ಕಿಟಕಿಯನ್ನು ನಮ್ಮ ಮನೆಯ ಕಿಟಕಿಯಂತೆ ಭಾವಿಸುವುದರಿಂದ ಈ ಆತಂಕ ಹುಟ್ಟುತ್ತದೆ. ಕಿಟಕಿಯಿರುವ ದರ್ಜೆಯ ಕೋಣೆಗಳಲ್ಲಿಯೂ ಗಾಜನ್ನು ಸಾಮಾನ್ಯವಾಗಿ ತೆರೆಯಲು ಬರುವುದಿಲ್ಲ. ಎರಡೂ ಕೋಣೆಗಳಿಗೆ ಗಾಳಿ ಬರುವುದು ಹವಾನಿಯಂತ್ರಣದ ಕೊಳವೆಗಳಿಂದಲೇ. ಸಾಲದ್ದಕ್ಕೆ ಕೆಲವು ಕಿಟಕಿಗಳ ಎದುರಿಗೇ ಲೈಫ್‌ಬೋಟ್ ನೇತಾಡುತ್ತಿರುತ್ತದೆ. ನೋಟಕ್ಕೆ ಅಡ್ಡಿಯಿದೆ ಎಂದು ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಅದನ್ನು ಓದದೆ ಹೆಚ್ಚು ಹಣ ಕೊಟ್ಟವರಿಗೆ ಕಾಣುವುದು ಕಿತ್ತಳೆ ಬಣ್ಣದ ದೋಣಿಯ ಬೆನ್ನು ಮಾತ್ರ.

ಕತ್ತಲೆಯ ಮಾತು ಬೇರೆ, ಅದು ನಿಜವಾದ ಕತ್ತಲೆ. ದೀಪ ಆರಿಸಿದರೆ ಕೈ ಮುಂದೆ ಹಿಡಿದರೂ ಕಾಣುವುದಿಲ್ಲ, ಬೆಳಗಿನ ಆರು ಗಂಟೆಯೋ ನಡುರಾತ್ರಿಯೋ ದೇಹಕ್ಕೆ ತಿಳಿಯುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಹಿರಿಯೂರಿನ ಕಡೆಯ ಮಾಳಿಗೆ ಮನೆಯಲ್ಲಿ. ಅದರ ನಡುಮನೆಗೆ ಬೆಳಕು ಬರುತ್ತಿದ್ದುದು ಮೇಲಿನ ಗವಾಕ್ಷಿಯೊಂದರಿಂದ. ಮಳೆ ಬಂದು ಅದನ್ನು ಮುಚ್ಚಿದರೆ ಹಗಲಿನಲ್ಲೂ ಬುಡ್ಡಿ ಹಚ್ಚಬೇಕಾಗುತ್ತಿತ್ತು. ಆದರೂ ಬೇಸಿಗೆಯ ಮಧ್ಯಾಹ್ನ ಎಲ್ಲರೂ ಹುಡುಕಿಕೊಂಡು ಬಂದು ಮಲಗುತ್ತಿದ್ದುದು ಅಲ್ಲಿಯೇ. ಹಾಗಾಗಿ ನನಗೆ ಹಡಗಿನ ಕೋಣೆ ಹೊಸದೆನಿಸಲಿಲ್ಲ. ಅಭ್ಯಾಸವಿಲ್ಲದವರಿಗೆ ಉಪಾಯಗಳಿವೆ. ಬಚ್ಚಲಿನ ದೀಪ ಹಾಕಿ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಡಬಹುದು, ಬ್ಯಾಟರಿಯ ಪುಟ್ಟ ದೀಪವನ್ನು ಒಯ್ಯಬಹುದು. ಅನೇಕ ಹಡಗುಗಳಲ್ಲಿ ಮುಂಭಾಗದ ಕ್ಯಾಮೆರಾದ ನೋಟವನ್ನು ಟಿವಿಯ ಒಂದು ಚಾನೆಲ್ಲಿನಲ್ಲಿ ಹಗಲಿರುಳೂ ತೋರಿಸುತ್ತಾರೆ. ಧ್ವನಿ ತೆಗೆದು ಅದನ್ನು ಹಾಕಿಟ್ಟು ಮಲಗಿದರೆ ಬೆಳಗಾದಂತೆ ಕೋಣೆಯಲ್ಲೂ ಬೆಳಗಾಗುತ್ತದೆ. ಹಡಗು ಕಟ್ಟುವವರಿಗೂ ಈ ಕೊರತೆ ಗೊತ್ತಿದೆ. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಹಡಗಿನ ಒಳಕೋಣೆಗಳಲ್ಲಿ ಹೊರಗಿನ ಕ್ಯಾಮೆರಾದ ದೃಶ್ಯ ತೋರಿಸುವ ದುಂಡು ಪರದೆಗಳನ್ನು ಕಿಟಕಿಯಂತೆ ಜೋಡಿಸಿದರು, 2014ರ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ ನೆಲದಿಂದ ಸೂರಿನವರೆಗಿನ ಪರದೆಯನ್ನೇ ಬಾಲ್ಕನಿಯಂತೆ ನಿಲ್ಲಿಸಿದರು.

ಇಷ್ಟು ಹೇಳಿದ ಮೇಲೂ ಒಂದು ವಿಷಯವನ್ನು ಮುಚ್ಚಿಡಲಾರೆ. ಮೊದಲ ಪ್ರವಾಸದಲ್ಲಿ ನಮ್ಮ ನಿದ್ದೆ ಕೆಟ್ಟಿತು. ಕಾರಣ ಕಿಟಕಿಯಿಲ್ಲದ್ದಲ್ಲ, ಕೋಣೆ ಇದ್ದ ಜಾಗ. ಅತಿ ಕಡಿಮೆ ದರದಲ್ಲಿ ಸಿಗುವ ಒಂದು ಬಗೆಯ ಟಿಕೆಟ್ ಇದೆ. ಒಳಕ್ಯಾಬಿನ್ ಎಂಬ ದರ್ಜೆಯನ್ನು ಮಾತ್ರ ಖಾತರಿಪಡಿಸುತ್ತಾರೆ, ಕೋಣೆಯ ಸಂಖ್ಯೆಯನ್ನು ನಾವು ಆರಿಸುವಂತಿಲ್ಲ, ಉಳಿದದ್ದನ್ನು ಕಂಪನಿಯೇ ಕೊನೆಗೆ ಹಂಚುತ್ತದೆ. ನಾವು ಅದನ್ನೇ ತೆಗೆದುಕೊಂಡೆವು. ನಮಗೆ ಬಂದ ಕೋಣೆಯ ನೆತ್ತಿಯ ಮೇಲೆ ಸರಿಯಾಗಿ ಅಡುಗೆಮನೆಯಿತ್ತು. ನಸುಕಿನ ನಾಲ್ಕು ಗಂಟೆಗೆ ತಳ್ಳುಗಾಡಿಗಳ ಗಾಲಿಗಳು ಉರುಳತೊಡಗುತ್ತಿದ್ದವು, ಪಾತ್ರೆ ಇಟ್ಟ ಸದ್ದು ಉಕ್ಕಿನ ತಗಡಿನಲ್ಲಿ ಇಳಿದು ನೇರವಾಗಿ ದಿಂಬಿಗೆ ಬರುತ್ತಿತ್ತು. ಬದಲಾಯಿಸಿಕೊಡಿ ಎಂದು ಕೇಳಿದಾಗ ಹಡಗು ಭರ್ತಿಯಾಗಿದೆ ಎಂಬ ಉತ್ತರ ಬಂತು. ಉಳಿಸಿದ ಸಣ್ಣ ಮೊತ್ತಕ್ಕಾಗಿ ನಾಲ್ಕು ರಾತ್ರಿಗಳ ನಿದ್ದೆಯನ್ನು ಕೊಟ್ಟಂತಾಯಿತು.

ಆದ್ದರಿಂದ ನನ್ನನ್ನು ಕೇಳುವವರಿಗೆಲ್ಲ ನಾನು ಒತ್ತಿ ಹೇಳುವುದು, ದರ್ಜೆಯಲ್ಲಿ ಉಳಿಸಿ, ಜಾಗದಲ್ಲಿ ಉಳಿಸಬೇಡಿ ಎಂದು. ಸಂಖ್ಯೆಯನ್ನು ನಾವೇ ಆರಿಸಿಕೊಳ್ಳುವ ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಹಣ ಬೀಳುತ್ತದೆ, ಆದರೆ ಅದು ಬಾಲ್ಕನಿಯ ದರಕ್ಕಿಂತ ಬಹಳ ಕಡಿಮೆ. ಹಡಗಿನ ಪ್ರತಿಯೊಂದು ಮಹಡಿಯ ನಕ್ಷೆಯೂ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ನಿಮಗೆ ತೋರಿಸುತ್ತಿರುವ ಕೋಣೆಯ ಮೇಲಿನ ಮಹಡಿಯಲ್ಲಿ ಅದೇ ಜಾಗದಲ್ಲಿ ಏನಿದೆ, ಕೆಳಗಿನ ಮಹಡಿಯಲ್ಲಿ ಏನಿದೆ ಎಂಬುದನ್ನು ಬೆರಳಿಟ್ಟು ನೋಡಬೇಕು. ಮೇಲೂ ಕೆಳಗೂ ಜನರು ಮಲಗುವ ಕೋಣೆಗಳೇ ಇದ್ದರೆ ಅದು ಒಳ್ಳೆಯ ಕೋಣೆ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ನಾಟಕಶಾಲೆಯೋ ಕುಣಿತದ ಸಭಾಂಗಣವೋ ಇದ್ದರೆ ನಡುರಾತ್ರಿಯವರೆಗೆ ಡ್ರಮ್ಮಿನ ಪೆಟ್ಟು. ಹಡಗಿನ ಮೂತಿಯ ಕಡೆಯ ಕೆಳಕೋಣೆಗಳಲ್ಲಿ, ಬಂದರು ಸಮೀಪಿಸಿದಾಗ, ಲಂಗರಿನ ಸರಪಳಿ ಇಳಿಯುವ ಗಡಗಡ ಸದ್ದು ಮಲಗಿದವರನ್ನು ಎಬ್ಬಿಸಿ ಕೂರಿಸುತ್ತದೆ. ನಕ್ಷೆಯಲ್ಲಿ ಹೆಸರೇ ಇಲ್ಲದೆ ಖಾಲಿ ಬಿಟ್ಟ ಜಾಗಗಳಿರುತ್ತವೆ. ಅವು ಖಾಲಿಯಲ್ಲ, ಸಿಬ್ಬಂದಿ ಓಡಾಡುವ, ಸಾಮಾನು ಇಡುವ ಜಾಗಗಳು, ಅವುಗಳಿಗೆ ಅಂಟಿಕೊಂಡ ಕೋಣೆ ಬೇಡ. ಪಕ್ಕದ ಕೋಣೆಗೆ ತೆರೆದುಕೊಳ್ಳುವ ಒಳಬಾಗಿಲಿರುವ ಕೋಣೆಯೂ ಬೇಡ, ಆ ಬಾಗಿಲಿನ ಮೂಲಕ ಪಕ್ಕದವರ ಮಾತೆಲ್ಲ ಕೇಳಿಸುತ್ತದೆ. ಆದರೆ ಮಗ-ಸೊಸೆ ಪಕ್ಕದಲ್ಲೇ ಇರಬೇಕೆನ್ನುವ ಕುಟುಂಬಕ್ಕೆ ಅದೇ ಅನುಕೂಲ.

ಜಾಗದ ಮಾತಿಗೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಅಲೆಗೆ ಸಿಕ್ಕಿದ ಹಡಗಿನ ಮೂತಿ ಏಳುತ್ತದೆ, ಹಿಂಭಾಗ ಇಳಿಯುತ್ತದೆ, ನಡುಭಾಗ ಹೆಚ್ಚು ಕಡಿಮೆ ಸ್ಥಿರವಾಗಿರುತ್ತದೆ. ಬಸ್ಸಿನ ಕೊನೆಯ ಉದ್ದ ಸೀಟಿನಲ್ಲಿ ಕೂತವರು ರಸ್ತೆಯ ಉಬ್ಬಿಗೆ ಎಗರಿ ಬೀಳುವಾಗ ನಡುವಿನ ಸೀಟಿನವರಿಗೆ ಅದು ಅಷ್ಟಾಗಿ ತಿಳಿಯದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಯೇ ಎತ್ತರದ ಮಹಡಿಗಿಂತ ಕೆಳಮಹಡಿಯಲ್ಲಿ ತೂಗಾಟ ಕಡಿಮೆ, ಅಂಚಿನ ಕೋಣೆಗಿಂತ ಒಳಕೋಣೆಯಲ್ಲಿ ಕಡಿಮೆ. ಅಂದರೆ ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗೆ ಇರುವ ಒಳಕ್ಯಾಬಿನ್ ಇಡೀ ಹಡಗಿನಲ್ಲೇ ಅತ್ಯಂತ ಕಡಿಮೆ ಅಲುಗಾಡುವ ಜಾಗಗಳಲ್ಲೊಂದು, ಮತ್ತು ಅದೇ ಅತ್ಯಂತ ಅಗ್ಗದ ಕೋಣೆಗಳಲ್ಲೊಂದು. ಸಮುದ್ರವನ್ನೇ ಕಾಣದೆ ಬೆಳೆದ ನಮ್ಮ ಬಯಲುಸೀಮೆಯವರಿಗೆ ಇದಕ್ಕಿಂತ ಅನುಕೂಲದ ಕಾಕತಾಳೀಯ ಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ. ತಲೆ ತಿರುಗಿ ವಾಕರಿಕೆ ಬಂದರೆ ಕೋಣೆಯಲ್ಲಿ ಮಲಗಿಕೊಂಡಿರುವುದಕ್ಕಿಂತ ಡೆಕ್ಕಿಗೆ ಹೋಗಿ ದಿಗಂತದ ಗೆರೆಯನ್ನು ನೋಡುತ್ತ ನಿಲ್ಲುವುದು ಮೇಲು. ಕಿವಿಯೊಳಗಿನ ಸಮತೋಲದ ಅಂಗ ಅಲುಗಾಟವನ್ನು ಹೇಳುತ್ತಿರುವಾಗ ಕಣ್ಣಿಗೆ ನಿಂತ ಗೋಡೆ ಕಾಣುವುದರಿಂದಲೇ ಆ ಸಂಕಟ ಹುಟ್ಟುವುದು. ಅರಬ್ಬಿ ಸಮುದ್ರ ಒರಟಾಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಬಿಟ್ಟು ಹೋಗುವುದಂತೂ ಎಲ್ಲ ಕೋಣೆಯವರಿಗೂ ಒಳ್ಳೆಯದು.

ಈ ಕೋಣೆ ಎಲ್ಲರಿಗೂ ಒಗ್ಗುತ್ತದೆಂದು ನಾನು ಹೇಳುವುದಿಲ್ಲ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಇದ್ದಾರೆ, ಅದು ಅವರ ತಪ್ಪಲ್ಲ. ನಮ್ಮೂರಿನವರಿಗೆ ನಾನು ಹೇಳುವ ಪರೀಕ್ಷೆ ಸುಲಭದ್ದು. ಚಂದ್ರವಳ್ಳಿಗೆ ಹೋಗಿ, ಮಾರ್ಗದರ್ಶಕರೊಡನೆ ಅಂಕಲಿ ಮಠದ ಗುಹೆಗಳೊಳಗೆ ಇಳಿದು, ಒಳಗಿನ ಕೋಣೆಯಲ್ಲಿ ಒಂದು ನಿಮಿಷ ಟಾರ್ಚ್ ಆರಿಸಲು ಹೇಳಿ. ತಂಪಾಗಿದೆ, ನಿಶ್ಶಬ್ದವಾಗಿದೆ ಎನಿಸಿದರೆ ಒಳಕ್ಯಾಬಿನ್ ನಿಮಗೆ ಸರಿ. ಎದೆ ಹಿಂಡಿ ಹೊರಗೆ ಓಡಬೇಕೆನಿಸಿದರೆ ಎಷ್ಟೇ ಹಣ ಉಳಿದರೂ ಅದು ಬೇಡ. ಮಧ್ಯಾಹ್ನವೆಲ್ಲ ಮಲಗಿರಬೇಕಾದ ರೋಗಿಗಳಿಗೆ, ನಾರ್ವೆ ಅಥವಾ ಅಲಾಸ್ಕಾದಂತೆ ದಿನವಿಡೀ ಎರಡೂ ಬದಿ ಬೆಟ್ಟ ಹಿಮ ಕಾಣುವ ಯಾನಕ್ಕೆ ಹೋಗುವವರಿಗೆ ಬಾಲ್ಕನಿಯೇ ತಕ್ಕದ್ದು. 2020ರ ಫೆಬ್ರವರಿಯಲ್ಲಿ ಕೊರೊನಾ ಕಾರಣಕ್ಕೆ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನಿಲ್ಲಿಸಿದಾಗ ಅದರಲ್ಲಿ 3,700ಕ್ಕೂ ಹೆಚ್ಚು ಜನರಿದ್ದರು. ಕಿಟಕಿಯಿಲ್ಲದ ಕೋಣೆಯಲ್ಲಿದ್ದ ಪ್ರಯಾಣಿಕರು ಸರದಿಯ ಮೇಲೆ ಡೆಕ್ಕಿಗೆ ಬಂದು ಬೆಳಕು ಕಾಣಬೇಕಾಯಿತು. ಅಂಥದ್ದು ಅಪರೂಪವಾದರೂ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸತ್ಯ ಅದು. ಅದನ್ನು ತಿಳಿದೇ ನಿರ್ಧರಿಸಬೇಕು.

ಅಪಾಯ ಬಂದರೆ ಒಳಗಿನವರು ಸಿಕ್ಕಿಬೀಳುವುದಿಲ್ಲವೇ ಎಂದೂ ಕೇಳುತ್ತಾರೆ. ಹಡಗಿನಿಂದ ಪಾರಾಗುವುದು ಕಿಟಕಿಯ ಮೂಲಕವಲ್ಲ. ಬಾಲ್ಕನಿಯವರೂ ಓಣಿಗೆ ಬಂದು ಮೆಟ್ಟಿಲು ಹತ್ತಿ ತಮಗೆ ಗೊತ್ತುಮಾಡಿದ ಜಾಗಕ್ಕೇ ಹೋಗಬೇಕು. 2012ರ ಜನವರಿ 13ರಂದು ಇಟಲಿಯ ಜಿಗ್ಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಗುಲಿ 32 ಜನ ಸತ್ತ ಮೇಲೆ, ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಪ್ರಯಾಣಿಕರಿಗೆ ಸುರಕ್ಷತಾ ಅಭ್ಯಾಸ ಮಾಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂತು. ಆ ಅಭ್ಯಾಸವನ್ನು ತಪ್ಪಿಸಿಕೊಳ್ಳಬೇಡಿ. ಕೋಣೆಯ ಬಾಗಿಲಿನಿಂದ ಮೆಟ್ಟಿಲಿನವರೆಗೆ ಎಷ್ಟು ಬಾಗಿಲುಗಳಿವೆ ಎಂದು ಮೊದಲ ದಿನವೇ ಎಣಿಸಿಕೊಳ್ಳಿ, ತಲೆದಿಂಬಿನ ಬಳಿ ಟಾರ್ಚ್ ಇಟ್ಟುಕೊಳ್ಳಿ.

ಹಣದ ವಿಷಯದಲ್ಲಿ ಎರಡು ಮಾತು. ಜಾಹೀರಾತಿನ ದರ ಸಾಮಾನ್ಯವಾಗಿ ಇಬ್ಬರು ಹಂಚಿಕೊಂಡಾಗ ತಲೆಗೆ ಬೀಳುವ ದರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣ ಕೊಡಬೇಕಾದೀತು. ಬಂದರು ಶುಲ್ಕ, ದಿನದ ಲೆಕ್ಕದ ಟಿಪ್ಸ್ ಕೋಣೆ ಅಗ್ಗವಾಯಿತೆಂದು ಕಡಿಮೆಯಾಗುವುದಿಲ್ಲ, ಆದ್ದರಿಂದ ಒಟ್ಟು ಮೊತ್ತ ಕೇಳಿಯೇ ಹೋಲಿಸಿ. ನಾಲ್ವರ ಕುಟುಂಬ ಒಂದೇ ಕೋಣೆಯಲ್ಲಿ ಮೇಲಿನ ಮಡಿಚುವ ಮಂಚಗಳನ್ನು ಇಳಿಸಿ ಮಲಗುವುದಕ್ಕಿಂತ ಅಕ್ಕಪಕ್ಕದ ಎರಡು ಒಳಕ್ಯಾಬಿನ್ ತೆಗೆದುಕೊಳ್ಳುವುದು ನನಗೆ ಮೇಲೆನಿಸುತ್ತದೆ. ಎರಡು ಬಚ್ಚಲು ಸಿಗುತ್ತವೆ, ವಯಸ್ಸಾದವರು ಏಣಿ ಹತ್ತಬೇಕಾಗುವುದಿಲ್ಲ.

ಮೊದಲ ಪ್ರವಾಸದಲ್ಲಿ ಉಳಿದ 38,000 ರೂಪಾಯಿಗೆ ಇನ್ನಷ್ಟು ಸೇರಿಸಿ ಎರಡನೆಯ ಪ್ರವಾಸಕ್ಕೆ ನನ್ನ ಅಕ್ಕನನ್ನು ಕರೆದುಕೊಂಡು ಹೋದೆ. ಅಕ್ಕ ಅಲ್ಲಿಯವರೆಗೆ ಕಂಡಿದ್ದ ಅತಿ ದೊಡ್ಡ ನೀರು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಜಲಾಶಯದ್ದು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಅದು ಕೋಡಿ ಬಿದ್ದಾಗ ಊರಿನವರೊಂದಿಗೆ ಹೋಗಿ ಬಾಗಿನ ಬಿಟ್ಟು ಬಂದವಳು, "ಸಮುದ್ರ ಇದಕ್ಕಿಂತ ಎಷ್ಟು ದೊಡ್ಡದಿರ್ತೈತೆ?" ಎಂದು ನನ್ನನ್ನು ಕೇಳಿದ್ದಳು. ಮುಂಬೈಯಿಂದ ಹೊರಟು ಮೂರು ರಾತ್ರಿ. ನಕ್ಷೆ ಹರಡಿಕೊಂಡು, ಮೇಲೂ ಕೆಳಗೂ ಕೋಣೆಗಳೇ ಇರುವ, ನಡುಭಾಗದ ಕೆಳಮಹಡಿಯ ಒಳಕ್ಯಾಬಿನ್ ಆರಿಸಿದ್ದೆ. ಬಾಗಿಲು ತೆರೆದು ದೀಪ ಹಾಕಿದೊಡನೆ ಅಕ್ಕ, "ನಮ್ಮ ನಡುಮನೆ ಇದ್ದಂಗೈತಲ್ಲೇ" ಎಂದಳು. ರಾತ್ರಿ ಒಂದು ಸದ್ದೂ ಇಲ್ಲ. ಬೆಳಗಿನ ಐದೂವರೆಗೆ ಸ್ವೆಟರ್ ಹಾಕಿಕೊಂಡು ಇಬ್ಬರೂ ಮೇಲಿನ ಡೆಕ್ಕಿಗೆ ಹೋಗುತ್ತಿದ್ದೆವು. ಬಾಲ್ಕನಿಯ ಬಹುಪಾಲು ಜನ ಆಗ ಮಲಗಿರುತ್ತಿದ್ದರು, ಇಡೀ ಡೆಕ್ಕಿನಲ್ಲಿ ನೆಲ ಒರೆಸುವ ಇಬ್ಬರು ಹುಡುಗರನ್ನು ಬಿಟ್ಟರೆ ನಾವೇ. ಎರಡೂ ಬದಿಗೆ ನಡೆದು ಹೋಗಿ ನೋಡಬಹುದಾದಷ್ಟು ಸಮುದ್ರ. ಅಕ್ಕ ಕಂಬಿ ಹಿಡಿದು, ಬೆಳಕು ಹರಿದು ಬಿಸಿಲೇರುವವರೆಗೆ ಕದಲುತ್ತಿರಲಿಲ್ಲ.

ಮುಂದಿನ ಚಳಿಗಾಲಕ್ಕೆ ಮತ್ತೆ ಹೋಗೋಣವೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದಾಗ ಅಕ್ಕ ಹೇಳಿದ್ದು: "ಹೋಗಾಣ. ಅದೇ ನಡುಮನೆ ಕೋಣೆನೇ ತಗಾ. ಮ್ಯಾಲೆ ಅಡಿಗೆಮನಿ ಐತೇನು ಅಂತ ಮೊದ್ಲು ನೋಡು."