ಮಟನ್ ಕಡಿಮೆ ಮಾಡಿದ ಮೇಲೆ ತಾಟಿನಲ್ಲಿ ಏನಿರಬೇಕು: ಗಂಗಾವತಿಯ ನಮ್ಮ ಮನೆಯ ಪ್ರಯೋಗ, ಈವರೆಗಿನ ಪ್ರಗತಿ

ಯುಗಾದಿಯ ಕರಿ ದಿನದ ಊಟ ಮುಗಿದ ಮೇಲೆ ನಮ್ಮ ಕೂಡು ಕುಟುಂಬ ಕೈಗೊಂಡ ನಿರ್ಧಾರ ಈಗ ದೀಪಾವಳಿಯ ಹೊತ್ತಿಗೆ ಒಂದು ಹದಕ್ಕೆ ಬಂದಿದೆ. ಪ್ರತಿ ಭಾನುವಾರ ತಪ್ಪದೆ ತರುತ್ತಿದ್ದ ಮಟನ್ ಈಗ ತಿಂಗಳಿಗೊಮ್ಮೆ ಮತ್ತು ಹಬ್ಬ, ಜಾತ್ರೆ, ದೇವರ ಕಾರ್ಯಗಳಿಗೆ ಮಾತ್ರ ಬರುತ್ತಿದೆ. ಇದರಲ್ಲಿ ಮಡಿ-ಮೈಲಿಗೆಯ ವಿಚಾರವಿಲ್ಲ. ಯಾರು ಏನು ತಿನ್ನುತ್ತಾರೆ ಎಂಬುದರಿಂದ ಅವರ ಯೋಗ್ಯತೆಯನ್ನು ಅಳೆಯುವ ವಿಚಾರವಂತೂ ಇಲ್ಲವೇ ಇಲ್ಲ. ಭೂಮಿಯ ಬಿಸಿಯೇರಿಕೆಗೆ ನಮ್ಮ ಅಡುಗೆಮನೆಯ ಪಾಲು ಎಷ್ಟು, ಅದನ್ನು ಎಲ್ಲಿ ತಗ್ಗಿಸಬಹುದು ಎಂಬುದಷ್ಟೇ ನಮ್ಮ ಪ್ರಶ್ನೆ.

ಕುರಿ, ಆಡು, ದನ, ಎಮ್ಮೆಗಳಂತಹ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವಿನ ನಾರನ್ನು ಕೊಳೆಸುವಾಗ ಮೀಥೇನ್ ಹುಟ್ಟಿ, ಬಹುಪಾಲು ತೇಗಿನ ಮೂಲಕ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಆದರೆ ವಾತಾವರಣದಲ್ಲಿ ಅದು ಉಳಿಯುವುದು ಸುಮಾರು 12 ವರ್ಷ ಮಾತ್ರವಾದ್ದರಿಂದ, ಇಂದು ತಗ್ಗಿಸಿದರೆ ಅದರ ಫಲ ನಮ್ಮ ಮಕ್ಕಳ ಕಾಲದಲ್ಲಿಯೇ ಸಿಗುತ್ತದೆ. ಮನುಷ್ಯನ ಚಟುವಟಿಕೆಗಳಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಜಾನುವಾರು ಸಾಕಣೆಯ ಪಾಲು ಶೇ. 14.5 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜಿಸಿತ್ತು. ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 119 ದೇಶಗಳ ಸುಮಾರು 38,700 ಹೊಲ-ತೋಟಗಳ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 100 ಗ್ರಾಂ ಪ್ರೋಟೀನಿಗೆ ಕುರಿ ಮಾಂಸದಿಂದ ಸುಮಾರು 20 ಕಿಲೋ, ಕೋಳಿಯಿಂದ 6 ಕಿಲೋಗೆ ತುಸು ಕಡಿಮೆ, ಮೊಟ್ಟೆಯಿಂದ 4 ಕಿಲೋ, ಬಟಾಣಿಯಿಂದ ಅರ್ಧ ಕಿಲೋಗೂ ಕಡಿಮೆ ಹಸಿರುಮನೆ ಅನಿಲ (ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ಇಳಿಸಿ) ಹೊಮ್ಮುತ್ತದೆ.

ಈ ಅಂಕಿಗಳನ್ನು ಮುಂದಿಟ್ಟುಕೊಂಡ ಮೇಲೆ ನಮಗೆ ಮುಖ್ಯವೆನಿಸಿದ್ದು ಮಟನ್ ಬಿಡುವುದಕ್ಕಿಂತ, ಅದರ ಜಾಗಕ್ಕೆ ಏನು ಬರುತ್ತದೆ ಎಂಬುದು. ಪನೀರ್ ತಂದರೆ ಸುತ್ತಿ ಬಳಸಿ ಮತ್ತೆ ಮೆಲುಕು ಹಾಕುವ ಪ್ರಾಣಿಯ ಬಳಿಗೇ ಬರುತ್ತೇವೆ. ಒಂದು ಕಿಲೋ ಪನೀರಿಗೆ ಐದಾರು ಲೀಟರ್ ಹಾಲು ಬೇಕು. ಅನ್ನವನ್ನು ಹೆಚ್ಚಿಸುವುದೂ ಸರಿಯಾದ ದಾರಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು ಬದುಕುವ ಗಂಗಾವತಿಯವರಾದ ನಮಗೆ ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಲೇಬೇಕು: ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ತಾಗದೆ ಅಲ್ಲಿಯೂ ಮೀಥೇನ್ ಹುಟ್ಟುತ್ತದೆ. ಅದೇ ಅಧ್ಯಯನದಲ್ಲಿ ಒಂದು ಕಿಲೋ ಅಕ್ಕಿಗೆ 4 ಕಿಲೋಗಿಂತ ಹೆಚ್ಚು ಅನಿಲ ಲೆಕ್ಕಕ್ಕೆ ಬಂದರೆ, ಗೋಧಿಗೆ ಬಂದದ್ದು ಅದರ ಅರ್ಧಕ್ಕೂ ಕಡಿಮೆ. ಮಟನ್ನಿಗೆ ಹೋಲಿಸಿದರೆ ಅಕ್ಕಿಯದು ಸಣ್ಣ ಪ್ರಮಾಣವೇ ಹೌದು, ಆದರೆ ಅನ್ನವನ್ನು ನಾವು ದಿನವೂ ಎರಡು ಹೊತ್ತು ಉಣ್ಣುತ್ತೇವೆ. ಕೂರಿಗೆ ಭತ್ತ ಬಿತ್ತುವ, ಗದ್ದೆಯನ್ನು ಆಗಾಗ ಆರಲು ಬಿಡುವ ರೈತರ ಅಕ್ಕಿಯಲ್ಲಿ ಈ ಹೊರೆ ಕಡಿಮೆ ಎಂಬುದನ್ನೂ ಇಲ್ಲಿ ಹೇಳಬೇಕು.

ಹೀಗಾಗಿ ರಾತ್ರಿಯ ಅನ್ನದ ಜಾಗಕ್ಕೆ ಜೋಳದ ರೊಟ್ಟಿ ಬಂದಿದೆ. ಯಲಬುರ್ಗಾ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ನೆಲದಲ್ಲಿ ಉಳಿದ ತೇವದಲ್ಲಿಯೇ ಬೆಳೆದುಬಿಡುತ್ತದೆ. ಅದರ ಜೊತೆಗೆ ಮಡಿಕೆಕಾಳು, ಹೆಸರುಕಾಳು, ಹುರುಳಿ, ತೊಗರಿಬೇಳೆ ಹಾಕಿದ ಪುಂಡಿಪಲ್ಯ, ಶೇಂಗಾ ಹಿಂಡಿ. ಎಲ್ಲಕ್ಕಿಂತ ಚೆನ್ನಾಗಿ ಕೈ ಹಿಡಿದದ್ದು ಮೊಳಕೆ ಬಂದ ಮಡಿಕೆಕಾಳಿಗೆ ಮಟನ್ ಮಸಾಲೆಯನ್ನೇ ಹಾಕುವ ಕ್ರಮ: ಉಳ್ಳಾಗಡ್ಡಿಯನ್ನು ಕೆಂಡದ ಮೇಲೆ ಸುಟ್ಟು, ಒಣಕೊಬ್ಬರಿ, ಗಸಗಸೆ, ಚಕ್ಕೆ, ಲವಂಗ ಹುರಿದು ಒಟ್ಟಿಗೆ ಅರೆಯುತ್ತೇವೆ. “ಖಾರ ಸರಿಯಾಗಿ ಬಿದ್ರ ಹುಡುಗ್ರು ಮಟನ್ ನೆನಪ ತಗಿಯಂಗಿಲ್ಲ” ಎಂದು ಅವ್ವ ಮೊದಲ ವಾರವೇ ಹೇಳಿದ್ದಳು. ಬಹುತೇಕ ಹಾಗೆಯೇ ಆಗಿದೆ. ಕಾಳಿನಲ್ಲಿರುವ ಕಬ್ಬಿಣದ ಅಂಶ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲವಾದ್ದರಿಂದ ಊಟಕ್ಕೆ ಲಿಂಬೆಹಣ್ಣು ಹಿಂಡಿಕೊಳ್ಳುತ್ತೇವೆ, ಉಂಡ ಕೂಡಲೇ ಚಹಾ ಕುಡಿಯುವುದನ್ನು ನಿಲ್ಲಿಸಿದ್ದೇವೆ. ಬಿ12 ಜೀವಸತ್ವಕ್ಕಾಗಿ ಮೊಸರು ಮತ್ತು ಮೊಟ್ಟೆ ಉಳಿದಿವೆ.

ಮಟನ್ ತರುವ ದಿನ ಅದನ್ನು ದಾಲ್ಚಾ ಮಾಡುತ್ತೇವೆ. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಸೀಮೆಗೆ ದಾಲ್ಚಾ ಹೊಸದೇನಲ್ಲ. ಕಡಲೆಬೇಳೆ ಮತ್ತು ಸೋರೆಕಾಯಿಯ ಜೊತೆ ಬೇಯಿಸಿದಾಗ ಮೊದಲಿನ ಅರ್ಧದಷ್ಟು ಮಟನ್ ಇಡೀ ಮನೆಗೆ ಸಾಲುತ್ತದೆ.

ಕುರಿಗಾರರ ವಿಷಯದಲ್ಲಿ ನನಗೆ ಸ್ಪಷ್ಟ ನಿಲುವಿದೆ. ನಮ್ಮ ಭಾಗದ ಕೆಂಗುರಿಗಳು ಕೊಯ್ಲಾದ ಹೊಲದ ಕೂಳೆ ಮೇಯುತ್ತವೆ, ರಾತ್ರಿ ಹೊಲದಲ್ಲಿ ತರುಬಿದಾಗ ಗೊಬ್ಬರ ಕೊಡುತ್ತವೆ. ಅವುಗಳಿಗಾಗಿ ಯಾರೂ ಕಾಡು ಕಡಿದು ಸೋಯಾ ಬೆಳೆಯುವುದಿಲ್ಲ. ಮೆಲುಕಿನ ಮೀಥೇನ್ ಇದರಿಂದ ಇಲ್ಲವಾಗುವುದಿಲ್ಲ. ಆದರೂ ತಿಂಗಳಿಗೊಮ್ಮೆ ಕೊಳ್ಳುವ ಮಟನ್ ಇಂತಹ ಹಿಂಡಿನದೇ ಆಗಿರಲಿ ಎಂದು ಮನೆಯವರೆಲ್ಲ ಒಪ್ಪಿದ್ದೇವೆ. ಇನ್ನು, 2021ರ ಕೊನೆಯಲ್ಲಿ ಅಪೌಷ್ಟಿಕತೆಯ ಕಾರಣಕ್ಕೆ ಕೊಪ್ಪಳ, ರಾಯಚೂರು, ಬಳ್ಳಾರಿ ಮುಂತಾದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲಾರಂಭಿಸಿದ್ದು ನ್ಯಾಯವಾದ ಕೆಲಸ. ಕಡಿಮೆ ತಿನ್ನಬೇಕೆಂಬ ಮಾತು ನಮ್ಮಂತೆ ವಾರವಾರವೂ ಮಟನ್ ಕೊಳ್ಳಬಲ್ಲವರಿಗೆ ಸಲ್ಲುವಂಥದ್ದು, ಆ ಮಕ್ಕಳಿಗಲ್ಲ.

ಬೀಗರ ಊಟಗಳಲ್ಲಿ ಇನ್ನೂ ಏನೂ ಬದಲಾಗಿಲ್ಲ. ಮಧ್ಯಾಹ್ನದ ಅನ್ನವನ್ನು ವಾರದಲ್ಲಿ ಕೆಲವು ದಿನವಾದರೂ ನವಣೆಗೆ ಬದಲಿಸುವುದು ಮುಂದಿನ ಹಂತ; ಅಪ್ಪನಿಗೆ ನವಣೆ ರುಚಿಸುತ್ತಿಲ್ಲವಾದ್ದರಿಂದ ಸದ್ಯಕ್ಕೆ ಅರ್ಧ ಅಕ್ಕಿ ಬೆರೆಸಿ ಮಾಡುತ್ತಿದ್ದೇವೆ.